ಫ್ರಿಜ್ಜಿನ ಬಾಗಿಲಿನ ಕ್ಯಾಲೆಂಡರು

ನಮ್ಮ ಮನೆಯಲ್ಲಿ ಎರಡು ಕ್ಯಾಲೆಂಡರುಗಳಿವೆ. ಒಂದು ದೇವರ ಕೋಣೆಯದು. ಏಕಾದಶಿ, ಸಂಕಷ್ಟಿ, ರಾಹುಕಾಲ ನೋಡಲಿಕ್ಕೆ. ಇನ್ನೊಂದು ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುವುದು. ಇದನ್ನು ಸೊಸೆ ಕಂಪ್ಯೂಟರಿನಲ್ಲಿ ಗೆರೆ ಹಾಕಿ ಮುದ್ರಿಸಿ ತರುತ್ತಾಳೆ. ತಿಂಗಳಿಗೊಂದು ಹಾಳೆ, ದಿನಕ್ಕೊಂದು ಚೌಕ. ಮಗನ ಪ್ರವಾಸ ನೀಲಿ ಶಾಯಿಯಲ್ಲಿ, ಸೊಸೆಯ ಆಫೀಸಿನ ಕೆಲಸ ಕೆಂಪಿನಲ್ಲಿ, ಮೊಮ್ಮಗಳ ಪರೀಕ್ಷೆ, ಟ್ಯೂಷನ್ನು ಹಸಿರಿನಲ್ಲಿ. ಐದನೇ ತರಗತಿಯ ಮೊಮ್ಮಗನಿಗೆ ಕಿತ್ತಳೆ ಬಣ್ಣದ ಸ್ಕೆಚ್ ಪೆನ್ನು. ನನಗೆ ಕಪ್ಪು. ಸಕ್ಕರೆ ಕಾಯಿಲೆಯ ತಪಾಸಣೆ, ಹಲ್ಲಿನ ಡಾಕ್ಟರು, ಪಿಂಚಣಿದಾರರ ಸಭೆ, ಇಷ್ಟೇ ನನ್ನ ಬಾಬತ್ತು. ತಿಂಗಳ ಮೊದಲ ವಾರದಲ್ಲೇ ಆ ಹಾಳೆ ರಂಗೋಲಿಯಂತೆ ತುಂಬಿಹೋಗುತ್ತದೆ. ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಎದ್ದು ಹೋಗಿ ಒಮ್ಮೆ ನೋಡಿ, ಯಾರ ಬಣ್ಣ ಇಲ್ಲ ಅಂತ. ನಾನು ನೋಡಿರಲಿಲ್ಲ. ಆ ಕಥೆಯನ್ನೇ ಹೇಳಲು ಕೂತಿದ್ದೇನೆ.

ನಾನು ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. ಬಡ್ತಿ ಕೊಟ್ಟರೆ ದೂರದ ಊರಿಗೆ ಹಾಕುತ್ತಾರೆಂದು ಬಡ್ತಿಯೇ ಬೇಡವೆಂದು ಬರೆದುಕೊಟ್ಟು ಗುಮಾಸ್ತನಾಗಿಯೇ ನಿವೃತ್ತನಾದೆ. ಶಿವಮೊಗ್ಗ, ಭದ್ರಾವತಿ, ತರೀಕೆರೆ, ಮತ್ತೆ ಶಿವಮೊಗ್ಗ. ಈಗ ಎಂಟು ವರ್ಷದಿಂದ ಬೆಂಗಳೂರಿನ ಜಯನಗರದಲ್ಲಿ ಮಗನ ಮನೆಯಲ್ಲಿ ವಾಸ. ಲೆಡ್ಜರು ಬಿಟ್ಟರೂ ಲೆಕ್ಕದ ಚಟ ಬಿಟ್ಟಿಲ್ಲ. ದಿನಾ ರಾತ್ರಿ ಒಂದು ನೋಟುಪುಸ್ತಕದಲ್ಲಿ ನನ್ನ ಮತ್ತು ನನ್ನಾಕೆಯ ಜಮಾಖರ್ಚು ಬರೆಯುತ್ತೇನೆ. ಅದರ ಕೆಳಗೆ ಒಂದು ಅಂಕಿ: ಇವತ್ತು ರಾತ್ರಿ ಎಷ್ಟು ಜನ ಒಟ್ಟಿಗೆ ಊಟಕ್ಕೆ ಕುಳಿತೆವು ಅಂತ. ಮನೆಯಲ್ಲಿರುವುದು ಆರು ಜನ. ಆ ಅಂಕಿ ಆರು ಆಗುವುದು ಅಪರೂಪ.

ವರ್ಷ ಶುರುವಾದದ್ದು 2025ರ ಮಾರ್ಚ್ 30ಕ್ಕೆ, ಯುಗಾದಿಯಂದು. ಮೊಮ್ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡುಮಧ್ಯದಲ್ಲಿತ್ತು. ಒಂದು ಕೈಯಲ್ಲಿ ಬೇವುಬೆಲ್ಲ, ಇನ್ನೊಂದು ಕೈಯಲ್ಲಿ ಪುಸ್ತಕ. ಮಗ ಮರುದಿನ ಪುಣೆಗೆ ಹೊರಡುವವನಿದ್ದ. ನಾನು ಪಂಚಾಂಗ ತೆಗೆದು ವಿಶ್ವಾವಸು ಸಂವತ್ಸರ ಅಂತ ಓದಿದೆ. ಹೋಳಿಗೆ ಬಡಿಸುತ್ತಿದ್ದ ನನ್ನಾಕೆ ಅಂದಳು, “ಹಿಂದಿನ ವಿಶ್ವಾವಸು ಬಂದಾಗ ನಾವು ಹೊಸ ಊರಿಗೆ ಬಂದು ಕೂತಿದ್ವಿ. ನಾನಾಗ ಹತ್ತು ವರ್ಷದ ಹುಡುಗಿ.”

ಅವಳದು ಮುಳುಗಡೆಯಾದ ಊರು. ಶರಾವತಿಗೆ ಅಡ್ಡವಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ಆಗ ಸಾಗರ ತಾಲ್ಲೂಕಿನಲ್ಲಿ ನೀರಿನಡಿ ಹೋದ ಹಳ್ಳಿಗಳಲ್ಲಿ ಅದೂ ಒಂದು. ಲಾರಿಯಲ್ಲಿ ಪಾತ್ರೆಪಗಡಿ, ಭತ್ತದ ಚೀಲ ಹೇರಿಕೊಂಡು ಶಿವಮೊಗ್ಗದ ಹತ್ತಿರ ಕಾಡು ಕಡಿದ ಜಾಗಕ್ಕೆ ಬಂದರಂತೆ. ಊರಿನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಅವಳು ಯಾರಾದರೂ ತವರು ಯಾವುದೆಂದು ಕೇಳಿದರೆ ‘ಶಿವಮೊಗ್ಗ ಕಡೆ’ ಅಂದು ಸುಮ್ಮನಾಗುತ್ತಾಳೆ. ಅವಳ ಸೋದರತ್ತೆಯ ಮನೆ ಮಾತ್ರ ಹಿನ್ನೀರಿನ ಆಚೆ, ತುಮರಿ ಕಡೆಯ ಗುಡ್ಡದ ಮೇಲೆ ಉಳಿದುಕೊಂಡಿತ್ತು. ಅಲ್ಲಿಗೆ ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚು ಹತ್ತಬೇಕು. ಜನ, ಜೀಪು, ಬಸ್ಸು ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡು ಹೋಗುವ ಚಪ್ಪಟೆ ದೋಣಿ ಅದು. ಲಾಂಚು ನಡುನೀರಿಗೆ ಬಂದಾಗ ಅವಳ ಅಪ್ಪ ಕಂಬಿ ಹಿಡಿದು ಬಗ್ಗಿ, “ಕೆಳಗೆ ನೋಡು, ನಮ್ಮ ಅಡಿಕೆ ತೋಟದ ಮೇಲೆ ಹೋಗ್ತಾ ಇದ್ದೇವೆ” ಅನ್ನುತ್ತಿದ್ದರಂತೆ. ಅತ್ತೆ ತೀರಿಕೊಂಡ ಮೇಲೆ ಅವಳು ಆ ಕಡೆ ಹೋಗಿಲ್ಲ.

“ಅಲ್ಲಿ ದೊಡ್ಡ ಸೇತುವೆ ಮುಗೀತಾ ಬಂತಂತೆ. ಅದು ತೆರೆಯೋ ಮೊದಲು ಮಕ್ಕಳನ್ನ ಒಂದು ಸಲ ಲಾಂಚಿನಲ್ಲಿ ಕರ್ಕೊಂಡು ಹೋಗ್ಬೇಕು” ಅಂದಳು. ಎಲ್ಲರೂ ಹೂಂ ಅಂದರು. ಮಗ ಫೋನ್ ನೋಡುತ್ತಲೇ “ಮೇನಲ್ಲಿ ಹೋಗೋಣಮ್ಮ” ಅಂದ. ನಾನೇ ಎದ್ದು ಮೇ ತಿಂಗಳ ಹಾಳೆಯಲ್ಲಿ, 17 ಮತ್ತು 18ರ ಚೌಕದಲ್ಲಿ ‘ಲಾಂಚು’ ಅಂತ ಬರೆದೆ. ಪೆನ್ಸಿಲಿನಲ್ಲಿ.

ಪೆನ್ಸಿಲಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಾಲದ ಬ್ಯಾಂಕಿನಲ್ಲಿ ಕೂಡಿದ ಮೊತ್ತವನ್ನು ಮೊದಲು ಪೆನ್ಸಿಲಿನಲ್ಲಿ ಹಾಕುತ್ತಿದ್ದೆವು. ತಾಳೆಯಾದರೆ ಮಾತ್ರ ಶಾಯಿ. ಶಾಯಿಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ತಪ್ಪಾದರೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಅಧಿಕಾರಿಯ ಸಣ್ಣ ಸಹಿ ಹಾಕಿಸಬೇಕು. ಪೆನ್ಸಿಲಿನದಾದರೆ ಯಾರನ್ನೂ ಕೇಳಬೇಕಾಗಿಲ್ಲ.

ಮೇ 2ಕ್ಕೆ ಫಲಿತಾಂಶ ಬಂತು. ಮೊಮ್ಮಗಳಿಗೆ 625ಕ್ಕೆ 571. ನಾನು ಬಾಯಿಲೆಕ್ಕದಲ್ಲೇ ಶೇಕಡಾ 91.36 ಅಂದೆ. ಪೇಡ ಹಂಚಿದೆವು. ಆಮೇಲೆ ಶುರುವಾಯಿತು ನೋಡಿ. ಮಗನಿಗೂ ಸೊಸೆಗೂ ವಿಜ್ಞಾನ ಆಗಬೇಕು. ಹುಡುಗಿ ವಾಣಿಜ್ಯ ಅಂತ ಹಟ ಹಿಡಿದಳು. “ಇಷ್ಟು ಮಾರ್ಕ್ಸ್ ತಗೊಂಡು ಕಾಮರ್ಸಾ?” ಎಂದು ನೆಂಟರೆಲ್ಲ ಫೋನ್ ಮಾಡಿ ಕೇಳಿದರು. ಬಿ.ಕಾಂ. ಮಾಡಿದ ನಾನು ಸೋಫಾದಲ್ಲಿ ಕೂತೇ ಇದ್ದೆ! ಯಾರೂ ನನ್ನ ಕಡೆ ನೋಡಲಿಲ್ಲ. ಹತ್ತು ದಿನ ಮನೆಯಲ್ಲಿ ಮುಖ ಮುಖ ನೋಡದ ಹಾಗಾಯಿತು. ಕೊನೆಗೆ ಸೊಸೆಯೇ, “ಓದೋಳು ಅವಳು ತಾನೇ” ಅಂದು ಅರ್ಜಿಗೆ ಸಹಿ ಹಾಕಿದಳು. ಕಾಲೇಜುಗಳ ಮುಂದೆ ಸಾಲು ನಿಂತದ್ದು, ದಾಖಲೆಗಳ ಜೆರಾಕ್ಸಿಗೆ ಓಡಾಡಿದ್ದು ಎಲ್ಲ ನಾನೇ. ಅದೇ ಗಡಿಬಿಡಿಯಲ್ಲಿ ಮಗನಿಗೆ ಹೈದರಾಬಾದಿನ ಕೆಲಸವೂ ಬಂತು. ಒಂದು ಸಂಜೆ ಮೊಮ್ಮಗನ ಬಾಕ್ಸಿನಿಂದ ರಬ್ಬರು ತೆಗೆದುಕೊಂಡು ಮೇ 17, 18ನ್ನು ಅಳಿಸಿದೆ. ನನ್ನಾಕೆಯನ್ನು ಕೇಳಲಿಲ್ಲ. ‘ಜೂನಿನಲ್ಲಿ ನೋಡಿದರಾಯಿತು’ ಅಂದುಕೊಂಡೆ.

ಜೂನ್ ಅಂದರೆ ಮೊಮ್ಮಗನ ಪಾಲಿಗೆ ಒಂದೇ ನೆನಪು. ಮೂರನೇ ತಾರೀಖು ರಾತ್ರಿ ನಮ್ಮ ಆರ್‌ಸಿಬಿ ಹದಿನೆಂಟನೇ ವರ್ಷಕ್ಕೆ ಕಪ್ ಗೆದ್ದಿತು. ಹನ್ನೆರಡು ಗಂಟೆ ಮೀರಿದರೂ ಬೀದಿಯಲ್ಲಿ ಪಟಾಕಿ. ಮರುದಿನ ಕ್ರೀಡಾಂಗಣದ ಹತ್ತಿರ ಹೋಗೋಣ ಅಂತ ಹುಡುಗ ಅತ್ತು ಕರೆದ. ಸೊಸೆ ಖಡಾಖಂಡಿತ ಬೇಡವೆಂದಳು. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಸುದ್ದಿ ಬಂದಾಗ ಆ ಹುಡುಗ ಟಿ.ವಿ. ಮುಂದಿನಿಂದ ಎದ್ದು ಹೋಗಿ ಅಮ್ಮನ ಪಕ್ಕ ಸುಮ್ಮನೆ ಕೂತುಬಿಟ್ಟ. ಕಿತ್ತಳೆ ಬಣ್ಣದಲ್ಲಿ 3ನೇ ತಾರೀಖಿನ ಚೌಕ ತುಂಬಿ ‘ಕಪ್’ ಅಂತ ಬರೆದಿದ್ದ. 4ರ ಚೌಕವನ್ನು ಖಾಲಿ ಬಿಟ್ಟ.

ಜುಲೈ 14, ಸೋಮವಾರ. ಮನೆಯಲ್ಲಿ ನಾವಿಬ್ಬರೇ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಟಿ.ವಿ.ಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಎಲ್ಲರೂ ಸಿಗಂದೂರು ಸೇತುವೆ ಅನ್ನುತ್ತಾರಲ್ಲ, ಅದರ ಉದ್ಘಾಟನೆ ನಡೆಯುತ್ತಿತ್ತು. ಎರಡು ಕಿಲೋಮೀಟರಿಗೂ ಉದ್ದ, ನಡುವೆ ದೊಡ್ಡ ಕಂಬಗಳಿಂದ ಬೀಸಣಿಗೆಯಂತೆ ಇಳಿಬಿಟ್ಟ ಕೇಬಲ್ಲುಗಳು. ಕೆಳಗೆ ಮಳೆಗಾಲದ ಕೆಂಪು ನೀರು. ನಾನು ರಿಮೋಟು ಹಿಡಿದುಕೊಂಡು ಚಾನೆಲ್ ಬದಲಿಸಲೋ ಬೇಡವೋ ಎಂದು ನೋಡುತ್ತಿದ್ದೆ.

“ಒಳ್ಳೇದಾಯ್ತು” ಅಂದಳು ಅವಳು. “ಸಂಜೆ ಮೇಲೆ ಲಾಂಚಿಲ್ಲದೆ ಅಲ್ಲಿ ಹೆರಿಗೆ ನೋವು ಬಂದ ಹೆಂಗಸರು ಎಷ್ಟು ಒದ್ದಾಡಿದ್ರೋ. ಅತ್ತೆಗೂ ಕೊನೆಗೆ ಹಂಗೇ ಆಗಿದ್ದು. ಬೆಳಗಾಗೋ ತನಕ ಕಾದ್ರು.”

ಅಷ್ಟು ಹೇಳಿ ಹುರುಳಿಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಲಾಂಚಿನ ಮಾತು ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಓದುಗರಿಗೆ ಒಂದು ಗುಟ್ಟು ಹೇಳುತ್ತೇನೆ. ಅವಳು ಇದನ್ನು ಕೇಳಿದ್ದು ಮೊದಲ ಸಲವಲ್ಲ. ಮದುವೆಯಾದ ಹೊಸದರಿಂದಲೂ ಬೇಸಿಗೆ ಬಂದರೆ ಕೇಳುತ್ತಿದ್ದಳು. ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಹಳೆಯ ಮರದ ಬೊಡ್ಡೆಗಳು, ಕಟ್ಟೆಗಳು ಮೇಲೇಳುತ್ತವೆ, ಒಂದು ಸಲ ನೋಡಿ ಬರೋಣ ಅಂತ. ಆಗೆಲ್ಲ ಬ್ಯಾಂಕುಗಳ ಲೆಕ್ಕದ ವರ್ಷ ಡಿಸೆಂಬರಿಗೆ ಮುಗಿಯುತ್ತಿತ್ತು, ಅರ್ಧವಾರ್ಷಿಕ ಜೂನ್ 30ಕ್ಕೆ. “ಜೂನ್ ಕ್ಲೋಸಿಂಗ್ ಹತ್ತಿರ ಬಂತು, ರಜೆ ಸಿಗೋಲ್ಲ” ಅನ್ನುತ್ತಿದ್ದೆ. 1989ರಿಂದ ಅದು ಮಾರ್ಚ್ 31 ಆಯಿತು. ಆಗ, “ಈಗಷ್ಟೇ ಕ್ಲೋಸಿಂಗ್ ಮುಗಿದಿದೆ, ಆಡಿಟ್‌ನೋರು ಬಂದು ಕೂತಿದ್ದಾರೆ” ಅಂದೆ. ಲೆಕ್ಕದ ವರ್ಷ ಬದಲಾಯಿತು, ನನ್ನ ನೆಪ ಬದಲಾಗಲಿಲ್ಲ. ಶಿವಮೊಗ್ಗದಿಂದ ಸಾಗರ ಎಷ್ಟು ದೂರ? ಎಪ್ಪತ್ತು ಚಿಲ್ಲರೆ ಕಿಲೋಮೀಟರು. ದೂರದೂರಿಗೆ ಹೋಗಬಾರದೆಂದು ಬಡ್ತಿ ಬಿಟ್ಟವನು ನಾನು!

ಆಗಸ್ಟ್ 11ರಿಂದ ನಮ್ಮ ಮನೆಯ ಗಡಿಯಾರವೇ ಬದಲಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ಹಳದಿ ಮಾರ್ಗ ಶುರುವಾಯಿತು. 19 ಕಿಲೋಮೀಟರು, 16 ನಿಲ್ದಾಣ. ಸೊಸೆಯ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅದುವರೆಗೆ ಅವಳು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಳೆದ ಹೊತ್ತನ್ನು ಕೂಡಿಸಿದ್ದರೆ ಇನ್ನೊಂದು ಪದವಿ ಮುಗಿಸಬಹುದಿತ್ತು. ಮೊದಮೊದಲು ರೈಲು 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಬೆವರು. ಆದರೂ ರಾತ್ರಿ ಎಂಟೂವರೆಗೆ ಬರುತ್ತಿದ್ದವಳು ಏಳಕ್ಕೆ ಬಾಗಿಲಲ್ಲಿರುತ್ತಿದ್ದಳು. ನನ್ನ ನೋಟುಪುಸ್ತಕದಲ್ಲಿ ಊಟದ ಅಂಕಿ ಮೂರರಿಂದ ನಾಲ್ಕಕ್ಕೆ, ಐದಕ್ಕೆ ಏರಿತು.

ಮುಂದಿನ ಭಾನುವಾರ ಎಲ್ಲರೂ ಸುಮ್ಮನೆ ಒಂದು ಸುತ್ತು ಹೋಗಿ ಬಂದೆವು. “ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರು, ಅದರ ಮೇಲೆ ನಾವು” ಅಂತ ಮೊಮ್ಮಗ ಕುಣಿದ. ಸಿಲ್ಕ್ ಬೋರ್ಡಿನ ತನಕ ಹಾಗೇ ಇದೆ. ನನ್ನಾಕೆ ಕಿಟಕಿಗೆ ಮುಖವಿಟ್ಟು ಕೂತಿದ್ದಳು. “ಅಜ್ಜಿ, ಈಗ ಬಂದ ಸ್ಟೇಷನ್ ಯಾವುದು ಓದು” ಅಂದ ಹುಡುಗ. ಬೋರ್ಡಿನಲ್ಲಿ ಆಳೆತ್ತರದ ಕನ್ನಡ ಅಕ್ಷರ. ಅವಳು, “ಕನ್ನಡಕ ಮನೇಲಿ ಬಿಟ್ಟು ಬಂದೆ ಪುಟ್ಟ” ಅಂದಳು. ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಸೆಪ್ಟೆಂಬರಿನ ಒಂದು ರಾತ್ರಿ ಲೆಕ್ಕ ಬರೆಯುವಾಗ ಅವಳ ಪರ್ಸಿನಲ್ಲಿ 180 ರೂಪಾಯಿ ಕಡಿಮೆ ಬಂತು. ಅವಳು ಅವತ್ತು ಹೋಗಿದ್ದು ಚಿಕ್ಕಮ್ಮನ ಮಗಳ ಮನೆಗೆ, ಬಸ್ಸಿನಲ್ಲಿ. ಹೆಂಗಸರಿಗೆ ಬಸ್ಸು ಉಚಿತ, ಖರ್ಚೇ ಇಲ್ಲ. ಮತ್ತೆ ಈ 180 ಎಲ್ಲಿಗೆ ಹೋಯಿತು? ಬಿಟ್ಟುಬಿಡಬಹುದಿತ್ತು. ಆದರೆ ಗುಮಾಸ್ತನ ಬುದ್ಧಿ, ಐದು ಪೈಸೆಯ ವ್ಯತ್ಯಾಸಕ್ಕೆ ರಾತ್ರಿ ಹನ್ನೊಂದರ ತನಕ ಕೂತವರು ನಾವು. ಮೂರು ಸಲ ಕೇಳಿದ ಮೇಲೆ ಹೇಳಿದಳು. ಬಸ್ಸಿನ ಬೋರ್ಡಿನ 3 ಅವಳಿಗೆ 8 ಆಗಿ ಕಂಡಿದೆ. ಹತ್ತಿದ್ದಾಳೆ. ಎಲ್ಲೋ ಗೊತ್ತಿಲ್ಲದ ಕಡೆ ಕೊನೆಯ ನಿಲ್ದಾಣದಲ್ಲಿ ಇಳಿದಿದ್ದಾಳೆ. ಕಂಡಕ್ಟರು ಪುಣ್ಯಾತ್ಮ, ಆಟೋ ಹತ್ತಿಸಿ ಕಳಿಸಿದ್ದಾನೆ. ಆಟೋದ ದುಡ್ಡು ಆ 180.

“ಎಷ್ಟು ದಿನದಿಂದ ಕಣ್ಣು ಮಂಜು?” ಅಂದೆ.

“ಒಂದೂವರೆ ವರ್ಷ ಆಗಿರಬೇಕು.”

“ಯಾಕೆ ಹೇಳಲಿಲ್ಲ?”

“ಯಾವತ್ತು ಹೇಳ್ಲಿ? ಒಂದು ಚೌಕಾನೂ ಖಾಲಿ ಇರ್ಲಿಲ್ಲವಲ್ಲ” ಅಂದಳು. ಕೊಂಕಿನಿಂದ ಅಂದದ್ದಲ್ಲ. ನಿಜವಾಗಿ ಅವಳು ದಿನಾ ಹಾಲು ತೆಗೆಯುವಾಗ ಆ ಹಾಳೆ ನೋಡಿ ಖಾಲಿ ಚೌಕ ಹುಡುಕುತ್ತಿದ್ದಳು.

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಚೆನ್ನಾಗಿ ಬಲಿತಿದೆ ಅಂದರು. ಪೊರೆ ಬಂದ ಮಸೂರ ತೆಗೆದು ಅಲ್ಲೇ ಕೃತಕ ಮಸೂರ ಕೂರಿಸುತ್ತಾರೆ. ಬೆಳಿಗ್ಗೆ ಹೋದರೆ ಸಂಜೆ ಮನೆಗೆ ಬರಬಹುದು. ಅಷ್ಟೇ ಕೆಲಸ. ಆದರೆ ಆ ಒಂದು ದಿನ ಸಿಗಬೇಕಲ್ಲ! ದಸರೆಗೆ ಮೈಸೂರಿಗೆಂದು ಮೊದಲೇ ರೂಮು ಕಾದಿರಿಸಿತ್ತು. ಹೋಗಿ ದೀಪಾಲಂಕಾರಕ್ಕಿಂತ ಹೆಚ್ಚು ಕಾರುಗಳ ಹಿಂದಿನ ಕೆಂಪು ದೀಪಗಳನ್ನೇ ನೋಡಿ ಬಂದೆವು. ಆಮೇಲೆ ಮಗ ಜರ್ಮನಿಗೆ. ಆಮೇಲೆ ಮೊಮ್ಮಗಳ ಮಧ್ಯವಾರ್ಷಿಕ ಪರೀಕ್ಷೆ. ಆಮೇಲೆ ದೀಪಾವಳಿ. ನವೆಂಬರಿನಲ್ಲಿ ಮಾಡಿಸೋಣ ಎಂದಾಗ ನಾನು, “ನವೆಂಬರಿನಲ್ಲಿ ನನ್ನ ಜೀವಿತ ಪ್ರಮಾಣಪತ್ರ ಕೊಡಬೇಕು” ಅಂದುಬಿಟ್ಟೆ. ನಾನಿನ್ನೂ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಸಾಬೀತು ಮಾಡುವ ಕಾಗದ ಅದು. ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ.

ಮೊಮ್ಮಗಳು ನನ್ನ ಮುಖ ನೋಡಿದಳು. ಫೋನ್ ತೆಗೆದು ನನ್ನ ಮುಂದೆ ಹಿಡಿದು, “ಕಣ್ಣು ಮಿಟುಕಿಸು ಅಜ್ಜ” ಅಂದಳು. ಒಂದನೇ ತಾರೀಖು ಬೆಳಿಗ್ಗೆ ಐದು ನಿಮಿಷದಲ್ಲಿ ನಾನು ಬದುಕಿರುವುದು ಸಾಬೀತಾಯಿತು. ಆಮೇಲೆ ಅವಳು ಫ್ರಿಜ್ಜಿನ ಹತ್ತಿರ ಹೋಗಿ ತಲೆ ಓರೆ ಮಾಡಿ ನಿಂತಳು. “ಅಜ್ಜ, ಅಜ್ಜಿ ಬಣ್ಣ ಯಾವುದು?”

ನಾನು ಉತ್ತರ ಕೊಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ತನ್ನ ಬ್ಯಾಗಿನಿಂದ ನೇರಳೆ ಬಣ್ಣದ ಮಾರ್ಕರು ತಂದು ನವೆಂಬರ್ 7ರ ಚೌಕದಲ್ಲಿ ‘ಅಜ್ಜಿ, ಕಣ್ಣು’ ಎಂದು ಬರೆದಳು. ಆ ಚೌಕದಲ್ಲಿ ಅವಳಪ್ಪನ ನೀಲಿ ಬರಹ ಇತ್ತು. ಅದರ ಮೇಲೇ ಬರೆದಳು. ಡಿಸೆಂಬರ್ ಹಾಳೆ ತಿರುಗಿಸಿ 26ರಿಂದ 28ರ ತನಕ ‘ಅಜ್ಜಿ, ಹೊಳೆ’ ಅಂತ ಬರೆದು, “ಇದು ಅಳಿಸಕ್ಕಾಗಲ್ಲ ಅಜ್ಜ” ಅಂದಳು. ಮೇ ತಿಂಗಳಲ್ಲಿ ನಾನು ರಬ್ಬರು ಹಿಡಿದದ್ದನ್ನು ಅವಳು ನೋಡಿದ್ದಳೋ ಏನೋ. ಕೇಳುವ ಧೈರ್ಯವಾಗಲಿಲ್ಲ.

ಈ ಹುಡುಗಿಗೆ ನಾನು ಜೂನಿನಿಂದ ಲೆಕ್ಕಶಾಸ್ತ್ರ ಹೇಳಿಕೊಡುತ್ತಿದ್ದೆ. ಒಂದು ದಿನ ತಾಳೆಪಟ್ಟಿಯಲ್ಲಿ 27 ರೂಪಾಯಿ ವ್ಯತ್ಯಾಸ ಬಂದು ಒದ್ದಾಡುತ್ತಿದ್ದಳು. “27ನ್ನು 9ರಿಂದ ಭಾಗಿಸು, ಶೇಷ ಉಳಿಯುವುದಿಲ್ಲವಲ್ಲ? ಹಾಗಾದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬೇಕು” ಅಂದೆ. ಹುಡುಕಿದರೆ 47 ಇರಬೇಕಾದ ಕಡೆ 74 ಬರೆದಿದ್ದಳು. ಇದೇನು ಮಂತ್ರವಲ್ಲ. ಯಾವುದೇ ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಕಳೆದುನೋಡಿ ಮಕ್ಕಳೇ, ವ್ಯತ್ಯಾಸ 9ರ ಮಗ್ಗಿಯಲ್ಲೇ ಇರುತ್ತದೆ. ಆದರೆ ಒಂದು ಬಾಬತ್ತನ್ನು ಬರೆಯದೇ ಬಿಟ್ಟಿದ್ದರೆ ಈ ಉಪಾಯ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ಅದನ್ನೂ ಅವಳಿಗೆ ನಾನೇ ಹೇಳಿಕೊಟ್ಟಿದ್ದೆ.

ಕಣ್ಣಿನ ಶಸ್ತ್ರಚಿಕಿತ್ಸೆ ಸಲೀಸಾಗಿ ಆಯಿತು. ಮಗ ಅವತ್ತಿನ ಪ್ರಯಾಣ ಮುಂದೆ ಹಾಕಿ ಆಸ್ಪತ್ರೆಯಲ್ಲೇ ಇದ್ದ. ಔಷಧಿಯ ಹನಿ ಹಾಕುವ ಕೆಲಸ ಮೊಮ್ಮಗನದು. ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ಐದು, ಹೀಗೆ ಇಳಿಯುತ್ತಾ ಬರಬೇಕು. ಶಾಲೆಗೆ ಹೋಗುವ ಮೊದಲು ನನಗೆ ಚೀಟಿ ಬರೆದುಕೊಟ್ಟು ಹೋಗುತ್ತಿದ್ದ, ಬಂದು ಲೆಕ್ಕ ಕೇಳುತ್ತಿದ್ದ. ಪಟ್ಟಿ ತೆಗೆದ ದಿನ ನನ್ನಾಕೆ ಅಡುಗೆಮನೆಗೆ ಹೋದವಳೇ, “ಅಯ್ಯೋ, ಒಲೆ ಹಿಂದೆ ಇಷ್ಟು ಜಿಡ್ಡು! ಇದರಲ್ಲೇ ಇಷ್ಟು ದಿನ ಅಡುಗೆ ಮಾಡಿ ಹಾಕಿದ್ನಾ ನಿಮಗೆಲ್ಲ?” ಅಂತ ಸೆರಗು ಸಿಕ್ಕಿಸಿದಳು. ಹಿಡಿದು ಕೂರಿಸಬೇಕಾಯಿತು.

ಡಿಸೆಂಬರ್ 25ರ ರಾತ್ರಿ ತಾಳಗುಪ್ಪ ರೈಲು ಹತ್ತಿದೆವು, ಆರೂ ಜನ. ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ಚಳಿಗೆ ಹಲ್ಲು ಕಟಕಟ. ಸ್ನಾನ, ತಿಂಡಿ ಮುಗಿಸಿ ಒಂದು ಗಾಡಿ ಮಾಡಿಕೊಂಡು ಹೊರಟೆವು. ಸೇತುವೆ ಬಂದಾಗ ಮಗನ ಕಿವಿಯಲ್ಲಿ ಫೋನು, ಯಾವುದೋ ಮೀಟಿಂಗು. ಅರ್ಧ ದಾಟುವ ಹೊತ್ತಿಗೆ ಸಿಗ್ನಲ್ ಹೋಯಿತು. “ಹಲೋ, ಹಲೋ” ಅಂದು ಕೊನೆಗೆ ಫೋನನ್ನು ಜೇಬಿಗೆ ಹಾಕಿದ. ಲಾಂಚು ಮುಕ್ಕಾಲು ಗಂಟೆ ಕಾಯಿಸಿ ದಾಟಿಸುತ್ತಿದ್ದ ನೀರನ್ನು ನಾವು ನಾಲ್ಕು ನಿಮಿಷದಲ್ಲಿ ದಾಟಿದೆವು. ನನ್ನಾಕೆ ಕಿಟಕಿಯ ಗಾಜು ಇಳಿಸಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. “ಎಲ್ಲಿ ಅಂತ ನೋಡೋದು, ಕಾರು ಓಡ್ತಾನೇ ಇದೆ” ಅಂದಳು.

ಆಚೆ ದಡದಲ್ಲಿ ಲಾಂಚು ನಿಲ್ಲುತ್ತಿದ್ದ ಜಾಗದ ಹತ್ತಿರ ಗಾಡಿ ನಿಲ್ಲಿಸಿ ನೀರಿನ ಅಂಚಿಗೆ ಇಳಿದೆವು. ಮಳೆ ಚೆನ್ನಾಗಿ ಆದ ವರ್ಷ, ಕಣ್ಣು ಹಾಯುವ ತನಕ ನೀಲಿ ನೀರು. ನಡುನಡುವೆ ಗುಡ್ಡದ ತಲೆಗಳು. ಬೊಡ್ಡೆಯೂ ಇಲ್ಲ, ಕಟ್ಟೆಯೂ ಇಲ್ಲ. ಅವಳು ಸ್ವಲ್ಪ ಹೊತ್ತು ಗುಡ್ಡಗಳ ಸಾಲು ನೋಡಿ ಗುರುತು ಹಿಡಿದಳು. ಆಮೇಲೆ ಕೈ ಚಾಚಿದಳು.

“ಆ ಎರಡು ಗುಡ್ಡದ ನಡುವೆ ನಮ್ಮ ಮನೆ. ಅದರ ಕೆಳಗೆ ತೋಟ. ಈ ಕಡೆ ಶಾಲೆ. ನಾನು ಮೂರನೇ ಕ್ಲಾಸು ಅಲ್ಲೇ ಓದಿದ್ದು.”

“ಸ್ಕೂಲೂ ನೀರೊಳಗಾ ಅಜ್ಜಿ?” ಮೊಮ್ಮಗ ಕೇಳಿದ.

“ಹೂಂ. ಮೇಷ್ಟ್ರು ಒಂದು ದಿನ ‘ನಾಳೆಯಿಂದ ರಜೆ’ ಅಂದ್ರು. ಆ ರಜೆ ಇನ್ನೂ ಮುಗಿದಿಲ್ಲ ನೋಡು.”

ಹುಡುಗ ಬಿದ್ದು ಬಿದ್ದು ನಕ್ಕ. ಆಮೇಲೆ ಇದ್ದಕ್ಕಿದ್ದಂತೆ ಗಂಭೀರನಾಗಿ, “ಯಾಕೆ ಮುಳುಗಿಸಿದ್ರು?” ಅಂದ. ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳಿವೆ, ಒಟ್ಟು 1035 ಮೆಗಾವಾಟ್, ಈ ನೀರು ಅಲ್ಲಿಗೆ ಹೋಗುತ್ತದೆ ಎಂದು ನಾನು ವಿವರಿಸಿದೆ. “ಹಾಗಾದ್ರೆ ನಮ್ಮನೆ ಟಿ.ವಿ. ಇದರಿಂದ ಓಡೋದಾ?”

“ಓಡಿರಬಹುದು” ಅಂದಳು ಅಜ್ಜಿ. “ನಮ್ಮೂರು ಮುಳುಗಿದ ಮೇಲೆ ಎಲ್ಲೆಲ್ಲಿಗೋ ಕರೆಂಟ್ ಹೋಯ್ತು. ನಮ್ಮ ಹೊಸ ಮನೆಗೆ ಮಾತ್ರ ನನ್ನ ಮದುವೆ ಆಗೋ ತನಕ ಚಿಮಣಿ ಬುಡ್ಡಿನೇ.”

ಮಗ ಅಷ್ಟು ಹೊತ್ತು ಮಾತಾಡಿರಲಿಲ್ಲ. “ಅಮ್ಮ, ಊರಿನ ಹೆಸರೇನು?” ಅಂದ. ನಲವತ್ತೆಂಟು ವರ್ಷದ ಮಗ. ಅವಳು ಹೇಳಿದಳು. ಅವನು ಎರಡು ಸಲ ಬಾಯಲ್ಲಿ ಹೇಳಿಕೊಂಡು, ಜೇಬಿನಿಂದ ಪೆನ್ನು ತೆಗೆದು ರೈಲಿನ ಟಿಕೆಟಿನ ಹಿಂದೆ ಬರೆದುಕೊಂಡ.

ಗಾಡಿಯ ಡ್ರೈವರು ಆ ಕಡೆಯವನೇ. “ಅಮ್ಮಾ, ಈಗ ಬಂದ್ರೆ ಏನು ಕಾಣ್ತದೆ? ನೀರು ತೀರಾ ಇಳಿದ ಬೇಸಿಗೇಲಿ ಬನ್ನಿ. ಮಡೆನೂರಿನ ಹಳೇ ಡ್ಯಾಮೇ ಮೇಲೆ ಬರ್ತದೆ” ಅಂದ. ಹಿರೇಭಾಸ್ಕರ ಅಣೆಕಟ್ಟು ಅದು. ಲಿಂಗನಮಕ್ಕಿಗಿಂತ ಮುಂಚಿನದು, ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಕಟ್ಟಿದ್ದು. ಊರುಗಳ ಜೊತೆ ಒಂದು ಅಣೆಕಟ್ಟೂ ಮುಳುಗಿದೆ ಎಂದರೆ ಮಕ್ಕಳು ನಂಬಲಿಲ್ಲ. ಸಾಗರದವರೇ ಆದ ನಾ. ಡಿಸೋಜಾ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ಜನರ ಬದುಕನ್ನೇ ಬರೆದಿದ್ದಾರೆ. ವಾಪಸು ಬಂದ ಮೇಲೆ ಮೊಮ್ಮಗಳು ‘ದ್ವೀಪ’ ಓದಿ ಮುಗಿಸಿದಳು. ಹಿಂದಿರುಗುವಾಗ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಿದೆವು. ಚೆನ್ನಾಗಿತ್ತು. ಆದರೆ ಅವತ್ತು ನಮ್ಮ ಮನಸ್ಸು ಅಲ್ಲಿರಲಿಲ್ಲ.

ಜನವರಿಯಲ್ಲಿ ಅವಳ ಎಡಗಣ್ಣೂ ಆಯಿತು. ಫೆಬ್ರವರಿ ಪರೀಕ್ಷೆಯಲ್ಲಿ ಹೋಯಿತು. ಮಾರ್ಚ್ 19ಕ್ಕೆ ಮತ್ತೆ ಯುಗಾದಿ. ಹಿಂದಿನ ರಾತ್ರಿ ನೋಟುಪುಸ್ತಕ ತೆಗೆದು ವಿಶ್ವಾವಸು ಸಂವತ್ಸರದ ಲೆಕ್ಕ ಮುಗಿಸಿದೆ. ಒಟ್ಟು 354 ದಿನ. ಮಗ ಊರಲ್ಲಿಲ್ಲದ ರಾತ್ರಿಗಳು 116. ಆರೂ ಜನ ಒಟ್ಟಿಗೆ ಉಂಡದ್ದು 61 ದಿನ. ಅದರಲ್ಲಿ ಮೆಟ್ರೊ ಬರುವ ಮೊದಲು 14, ಬಂದ ಮೇಲೆ 47. ಇದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದಾಗ ಸೊಸೆ, “ಮಾವ, ಮೆಟ್ರೊದವರಿಗೆ ಒಂದು ಪತ್ರ ಬರೀರಿ” ಅಂದಳು.

ಬರುವ ಮೇ ತಿಂಗಳಿಗೆ ನಮ್ಮ ಮದುವೆಯಾಗಿ ಐವತ್ತು ವರ್ಷ. ಮಗ ಒಂದು ಹಾಲು ನೋಡಿಟ್ಟಿದ್ದಾನೆ, ಕೇಕು, ಇನ್ನೂರು ಜನಕ್ಕೆ ಊಟ. ನನ್ನಾಕೆ ಬೇವುಬೆಲ್ಲ ಹಂಚುತ್ತಾ, “ಆ ದುಡ್ಡು ಹಾಗೇ ಇಟ್ಕೋ. ನೀರು ಇಳಿದಿರತ್ತೆ, ಅಲ್ಲಿಗೆ ಕರ್ಕೊಂಡು ಹೋಗು” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಪರಾಭವ ಸಂವತ್ಸರದಲ್ಲಿ ಅಧಿಕ ಜ್ಯೇಷ್ಠ ಬಂದಿದೆಯಂತೆ. ವರ್ಷಕ್ಕೆ ಒಂದು ತಿಂಗಳು ಜಾಸ್ತಿನೇ ಸಿಕ್ಕಿದೆ. ಈ ಸಲ ಏನು ಹೇಳ್ತೀರಿ?” ಅಂದಳು. ಪಂಚಾಂಗವನ್ನು ಅವಳೇ ಓದಿದ್ದಳು, ಕನ್ನಡಕವಿಲ್ಲದೆ ಅಲ್ಲ, ಹೊಸ ಕನ್ನಡಕ ಹಾಕಿಕೊಂಡು.

ಫ್ರಿಜ್ಜಿನ ಮೇಲೆ ಹೊಸ ಹಾಳೆಗಳು ಬಂದಿವೆ. ಮೇ ತಿಂಗಳ ನಡುವೆ ಮೂರು ಚೌಕಗಳಲ್ಲಿ ನೇರಳೆ ಬಣ್ಣದಲ್ಲಿ ಅವಳ ಊರಿನ ಹೆಸರು. ಮಗನೇ ಬರೆದದ್ದು, ಟಿಕೆಟಿನ ಹಿಂಭಾಗ ನೋಡಿಕೊಂಡು. ಆದರೆ ಮೊನ್ನೆ ಬೆಳಿಗ್ಗೆ ಹಾಲು ತೆಗೆಯಲು ಹೋದಾಗ ನೋಡಿದೆ, ಅದೇ ವಾರದ ಅಂಚಿನಲ್ಲಿ ಸಣ್ಣದಾಗಿ ಪೆನ್ಸಿಲಿನಲ್ಲಿ ‘ಪುಣೆ?’ ಎಂದಿದೆ. ಅಕ್ಷರವೂ ಮಗನದೇ. ನನ್ನಾಕೆ ನೋಡಿದ್ದಾಳೋ ಇಲ್ಲವೋ ಗೊತ್ತಿಲ್ಲ. ಈಗ ಅವಳ ಕಣ್ಣಿಗೆ ಒಲೆಯ ಹಿಂದಿನ ಜಿಡ್ಡೂ ಕಾಣುತ್ತದೆ. ಮಗ ಭಾನುವಾರ ಬರುತ್ತಾನೆ. ಮೊಮ್ಮಗನ ಬಾಕ್ಸಿನಿಂದ ರಬ್ಬರು ತಂದು ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ, ಅವನ ಕಣ್ಣಿಗೆ ಬೀಳುವ ಹಾಗೆ.